ಕುಣಿಯೋರು ಯಾರು, ದುಡ್ಡು ಯಾರಿಗೆ?



ಈ ಸಲದ ಭಿತ್ತಿಪತ್ರಿಕೆಗೆ ನಾನು ಯೂಟ್ಯೂಬ್ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ತರಗತಿಯಲ್ಲೇ ಮೂರು ಜನ ‘ದೊಡ್ಡವರಾದ ಮೇಲೆ ಯೂಟ್ಯೂಬರ್ ಆಗ್ತೀವಿ’ ಅಂತ ಹೇಳಿದ್ದಾರೆ. ವಿಡಿಯೊ ಹಾಕಿದ ಕೂಡಲೇ ದುಡ್ಡು ಬರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ನಿಜವೇ? ಬನ್ನಿ, ತಿಳಿಯೋಣ.

ಹಣ ಎಲ್ಲಿಂದ ಬರುತ್ತದೆ?

ಯೂಟ್ಯೂಬ್ 2005ರಲ್ಲಿ ಅಮೆರಿಕದಲ್ಲಿ ಶುರುವಾಯಿತು. 2006ರಲ್ಲಿ ಗೂಗಲ್ ಕಂಪನಿ ಅದನ್ನು ಕೊಂಡುಕೊಂಡಿತು. 2007ರಿಂದ ವಿಡಿಯೊ ಮಾಡುವವರಿಗೂ ಪಾಲು ಕೊಡಲು ಆರಂಭಿಸಿತು. ಬಯಲಾಟ ನೋಡಲು ಜನ ಸೇರಿದರೆ ಅಲ್ಲಿಗೆ ಬಳೆ, ಮಂಡಕ್ಕಿ ಮಾರುವವರು ಬರ್ತಾರಲ್ಲ, ಇದೂ ಹಾಗೇ. ಜಾಗದ ಯಜಮಾನ ಮಾರುವವರಿಂದ ಬಾಡಿಗೆ ತಗೊಂಡು, ವೇಷ ಕಟ್ಟಿದವರಿಗೆ ಒಂದು ಪಾಲು ಕೊಟ್ಟ ಹಾಗೆ. ಇಲ್ಲಿ ಮಾರುವವರು ಅಂದರೆ ಜಾಹೀರಾತು ಕೊಡುವ ಕಂಪನಿಗಳು. ದೊಡ್ಡ ವಿಡಿಯೊದ ಜಾಹೀರಾತಿನಿಂದ 100 ರೂಪಾಯಿ ಬಂದರೆ 55 ರೂಪಾಯಿ ಚಾನೆಲ್‌ನವರಿಗೆ, 45 ರೂಪಾಯಿ ಕಂಪನಿಗೆ.

ಆದರೆ ಈ ಪಾಲು ಎಲ್ಲರಿಗೂ ಸಿಗೋದಿಲ್ಲ. 1000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು, ಇಲ್ಲವೇ ಶಾರ್ಟ್ಸ್‌ಗಳನ್ನು 90 ದಿನದಲ್ಲಿ 1 ಕೋಟಿ ಸಲ ನೋಡಿರಬೇಕು. ಲೆಕ್ಕ ಮಾಡಿ ನೋಡಿದೆ. 4000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು 3 ನಿಮಿಷ ನೋಡಿದರೆ 80,000 ಸಲ ನೋಡಬೇಕು! ಆಮೇಲೂ 100 ಡಾಲರ್ ಕೂಡುವವರೆಗೆ ಹಣ ಬ್ಯಾಂಕಿಗೆ ಬರೋದಿಲ್ಲ.

ತಪ್ಪು ಮಾಡಿದರೆ?

ನಿಯಮ ಮೀರಿದ ವಿಡಿಯೊಗಳನ್ನು ಯಂತ್ರವೂ ಹುಡುಕುತ್ತದೆ, ಮನುಷ್ಯರೂ ನೋಡುತ್ತಾರೆ. ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆ. ಆಮೇಲೆ ‘ಸ್ಟ್ರೈಕ್’ ಹಾಕ್ತಾರೆ. ಮೊದಲ ಸ್ಟ್ರೈಕ್ ಬಿದ್ದರೆ ಒಂದು ವಾರ ಹೊಸ ವಿಡಿಯೊ ಹಾಕುವಂತಿಲ್ಲ, ಎರಡನೆಯದಕ್ಕೆ ಎರಡು ವಾರ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಯ್ತು. ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ಮೇಲ್ಮನವಿ ಸಲ್ಲಿಸಬಹುದು.

ಮಕ್ಕಳ ಪಾಲೇನು?

ನಾನು ಮುಖ್ಯವಾಗಿ ಹೇಳಬೇಕಾದ್ದು ಇದು. ನಮ್ಮ ಬೀದಿಯ ಅಂಗನವಾಡಿ ಹುಡುಗಿಯೊಬ್ಬಳ ಕೈಲಿ ಮನೆಯವರು ಕುಣಿಸಿ ವಿಡಿಯೊ ತೆಗೀತಾರೆ. ಅವಳು ‘ಸಾಕು’ ಅಂದರೂ ‘ಇನ್ನೊಂದೇ ಸಲ ಕಂದಾ’ ಅಂತಾರೆ. ಕುಣಿಯೋದು ಮಗು. ಆದರೆ ಹಣ ಪಡೆಯಲು 18 ವರ್ಷ ತುಂಬಿದವರ ಖಾತೆಯೇ ಬೇಕು. ಆ ಹಣ ಮಗುವಿಗೇ ಸೇರುತ್ತದೆಯೇ?

ನಮ್ಮ ದೇಶದಲ್ಲಿ 2017ರ ಬಾಲಕಾರ್ಮಿಕ ನಿಯಮಗಳಲ್ಲಿ ಬಾಲ ಕಲಾವಿದರ ಬಗ್ಗೆ ಹೇಳಿದೆ. ಸಿನಿಮಾ, ಟಿ.ವಿ.ಯವರು ಮಗುವಿನಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು. 3 ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ಮಾಡಿಸಬಾರದು. ಸಂಪಾದನೆಯಲ್ಲಿ ನೂರಕ್ಕೆ 20ರಷ್ಟಾದರೂ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಜಿಲ್ಲಾಧಿಕಾರಿಗಳ ಅನುಮತಿಯೂ ಬೇಕು. ಆದರೆ ಮನೆಯಂಗಳದಲ್ಲಿ ಮೊಬೈಲ್ ಹಿಡಿದವರು ಅನುಮತಿ ಕೇಳಲು ಹೋಗಿದ್ದನ್ನು ನಾನಂತೂ ನೋಡಿಲ್ಲ.

ಫ್ರಾನ್ಸ್ ದೇಶ 2020ರಲ್ಲಿ ಇಂಥ ವಿಡಿಯೊ ಮಕ್ಕಳಿಗಾಗಿಯೇ ಕಾನೂನು ಮಾಡಿತು. 16 ವರ್ಷದೊಳಗಿನ ಮಕ್ಕಳ ಸಂಪಾದನೆಯನ್ನು ಅವರು ದೊಡ್ಡವರಾಗುವವರೆಗೆ ಕಾಪಾಡಿ ಇಡಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲೂ 2024ರ ಜುಲೈನಿಂದ ಮಕ್ಕಳ ಪಾಲು ತೆಗೆದಿಡುವ ಕಾನೂನು ಬಂದಿದೆ.

ಅಪ್ಪ ಅಮ್ಮ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ವಿಡಿಯೊ ಮಾಡೋದು ತಪ್ಪೂ ಅಲ್ಲ. ಹೊಲದಲ್ಲಿ ಕಳೆ ಕಿತ್ತವರಿಗೆ ಕೂಲಿ ಕೊಡ್ತೀವಿ ತಾನೇ? ಹಾಗೆಯೇ ಕುಣಿದವರಿಗೂ ಅವರ ಪಾಲು ಸಿಗಬೇಕು. ‘ಸಾಕು’ ಅಂದಾಗ ನಿಲ್ಲಿಸಲೂಬೇಕು.

ಯೋಚಿಸಿ ಉತ್ತರಿಸಿ:
1. ಜಾಹೀರಾತಿನಿಂದ 2000 ರೂಪಾಯಿ ಬಂದರೆ ಚಾನೆಲ್‌ನವರಿಗೆ ಎಷ್ಟು?
2. ಅದರಲ್ಲಿ ನೂರಕ್ಕೆ 20ರಂತೆ ಮಗುವಿನ ಹೆಸರಲ್ಲಿ ಇಟ್ಟರೆ ಎಷ್ಟಾಗುತ್ತದೆ?
3. ಅಷ್ಟು ಸಾಕೇ? ಮನೆಯಲ್ಲಿ ಕೇಳಿ ಬನ್ನಿ.

– ಏಳನೇ ತರಗತಿ ವಿದ್ಯಾರ್ಥಿನಿ