ಕೆಮ್ಮು ಕಾಗದಕ್ಕೆ ಇಳಿಯಲಿ

ತಮ್ಮಾ, ಮೊನ್ನೆ ರಜೆಗೆ ಬಂದಾಗ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತೆಯಲ್ಲ, ನಾನು ನೋಡುತ್ತಿದ್ದೆ. ಹದಿನಾಲ್ಕು ಮೆಟ್ಟಿಲು. ‘ಏನಿಲ್ಲ ಕಾಕಾ, ಧೂಳಿನ ಕೆಮ್ಮು’ ಅಂದೆ. ಇನ್ನೂ ನಲವತ್ತು ದಾಟಿಲ್ಲ ನಿನಗೆ. ಬರುವ ವರ್ಷ ಪಿಂಚಣಿಗೆ ಬರುವವನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಇಪ್ಪತ್ನಾಲ್ಕು ವರ್ಷ ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ, ಎಂಐ ರೂಮ್ ಎನ್ನುವ ಚಿಕಿತ್ಸಾ ಕೋಣೆಯ ಬೆಂಚಿನ ಆಚೆ ಕೂತವನು. ಎತ್ತರದ ಪೋಸ್ಟುಗಳಲ್ಲಿ ಚಳಿಗಾಲ ಹೇಗೆ ಕಳೆಯುತ್ತದೆಂದು ನಿನಗೂ ಗೊತ್ತು. ಬಂಕರಿನ ಬಾಯಿ ಮುಚ್ಚಿ, ಒಳಗೆ ಬುಖಾರಿ ಎನ್ನುವ ಸೀಮೆಎಣ್ಣೆಯ ಒಲೆ ಹಚ್ಚಿ, ಆರೇಳು ಜನ ಒತ್ತಾಗಿ ಮಲಗುವುದು. ಬೆಳಿಗ್ಗೆ ಉಗುಳಿದರೆ ಕಪ್ಪು. ಮರುಭೂಮಿಯಲ್ಲಿ ಗಾಡಿ ಓಡಿಸುವವನಿಗೆ ಮರಳಿನ ಪುಡಿ, ಲಂಗರಿನ ಅಡುಗೆಯವನಿಗೆ ಹೊಗೆ. ಕೆಮ್ಮುತ್ತಾ ಬಂದವರಿಗೆ ನಾನು ಸಿರಪ್ ಕೊಟ್ಟು ಕಳಿಸುತ್ತಿದ್ದೆ. ‘ಸಿಕ್ ರಿಪೋರ್ಟ್ ಬೇಡ ಸಾಬ್, ಕೋರ್ಸಿಗೆ ಹೆಸರು ಹೋಗಿದೆ’ ಅನ್ನುತ್ತಿದ್ದರು. ನಾನು ಎಷ್ಟೋ ಸಲ ರಿಜಿಸ್ಟರಿನಲ್ಲಿ ಬರೆಯಲೇ ಇಲ್ಲ. ಅವರ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ. ಈಗ ಅವರಲ್ಲಿ ಕೆಲವರು ಫೋನ್ ಮಾಡಿ, ‘ಆಗ ತೋರಿಸಿದ್ದಕ್ಕೆ ಏನಾದರೂ ಚೀಟಿ ಸಿಗಬಹುದೇ?’ ಎಂದು ಕೇಳುತ್ತಾರೆ. ಏನೂ ಸಿಗುವುದಿಲ್ಲ. ಆ ನೋವು ನನ್ನ ಎದೆಯಲ್ಲಿದೆ.

ನೀನು ಯೂನಿಟ್ಟಿಗೆ ಮರಳಿದ ವಾರವೇ ಸಿಕ್ ರಿಪೋರ್ಟ್ ಮಾಡು. ಸಿರಪ್ಪಿಗೆ ಸುಮ್ಮನಾಗಬೇಡ, ಮಿಲಿಟರಿ ಆಸ್ಪತ್ರೆಯ ಸ್ಪೆಷಲಿಸ್ಟ್ ಹತ್ತಿರ ಕಳಿಸಿ ಎಂದು ಕೇಳು. ಸ್ಪೈರೋಮೆಟ್ರಿ ಎಂಬ ಪರೀಕ್ಷೆ ಇದೆ. ಕೊಳವೆಯೊಳಗೆ ಜೋರಾಗಿ ಊದಿಸುತ್ತಾರೆ. ಶ್ವಾಸನಾಳ ಅರಳಿಸುವ ಮದ್ದು ಕೊಟ್ಟ ಮೇಲೂ, ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ್ದರ ಶೇಕಡಾ 70ಕ್ಕಿಂತ ಕಡಿಮೆ ಇದ್ದರೆ ನಾಳಗಳು ಶಾಶ್ವತವಾಗಿ ಕಿರಿದಾಗಿವೆ ಎಂದು ಲೆಕ್ಕ. ಸಿಒಪಿಡಿ ಅನ್ನುವುದು ಅದಕ್ಕೇ. ಎಕ್ಸ್‌ರೇಯಲ್ಲಿ ಮೊದಮೊದಲು ಅದು ಕಾಣದೆಯೂ ಇರಬಹುದು, ಅದಕ್ಕೆ ‘ಎಕ್ಸ್‌ರೇ ಚೆನ್ನಾಗಿದೆ’ ಅಂದರೆ ಎದ್ದು ಬರಬೇಡ. ವರದಿಯ ಪ್ರತಿ ಮನೆಗೆ ಕಳಿಸು.

ಆಮೇಲೆ, ಸೇವೆ ಬಿಡುವ ಮುನ್ನ ನಡೆಯುವ ರಿಲೀಸ್ ಮೆಡಿಕಲ್ ಬೋರ್ಡ್. ಊರಿಗೆ ಹೋಗುವ ಆತುರದಲ್ಲಿ ನಮ್ಮ ಹುಡುಗರು ಸೋಲುವುದು ಇಲ್ಲೇ. ನಿನ್ನ ಹೇಳಿಕೆ ಬರೆಯುವ ಭಾಗವೊಂದು ಆ ಫಾರ್ಮಿನಲ್ಲಿದೆ. ಪಕ್ಕದವನು ‘ನಿಲ್’ ಎಂದು ಬರೆದನೆಂದು ನೀನೂ ಬರೆಯಬೇಡ. ಯಾವ ವರ್ಷ, ಯಾವ ಎತ್ತರದಲ್ಲಿ, ಎಷ್ಟು ತಿಂಗಳು, ಬುಖಾರಿ ಇತ್ತೇ, ಕೆಮ್ಮು ಯಾವಾಗ ಶುರುವಾಯಿತು, ಎಲ್ಲವನ್ನೂ ಬರೆ. ಸೇವೆಯಿಂದಲೇ ಬಂದ ಕಾಯಿಲೆಗೆ ಪರಿಹಾರವಿದೆ, ಮೊದಲೇ ಇದ್ದು ಸೇವೆಯಿಂದ ಉಲ್ಬಣಿಸಿದ್ದಕ್ಕೂ ಇದೆ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಅಂಗವೈಕಲ್ಯ ಶೇಕಡಾ 20ಕ್ಕಿಂತ ಕಡಿಮೆ ಎಂದು ಬೋರ್ಡ್ ಬರೆದರೆ ಮಾತ್ರ ದಾರಿ ಕಷ್ಟ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಸೇವಾವಧಿ ಮುಗಿಸಿ ಬರುವವರಿಗೆ ಸಿಗುವುದರ ಹೆಸರು ಈಗ ಇಂಪೇರ್ಮೆಂಟ್ ರಿಲೀಫ್. ನಿನಗೆ ಅನ್ವಯಿಸುವುದು ಅದೇ, ಹಳಬರ ಲೆಕ್ಕ ಕೇಳಿ ಗೊಂದಲ ಮಾಡಿಕೊಳ್ಳಬೇಡ.

ಇನ್ನೊಂದು ಮಾತು, ಕಹಿಯಾದರೂ ಕೇಳು. ನೀನು ಬೀಡಿ ಸೇದುತ್ತೀಯ. ತಂಬಾಕಿನ ಅತಿಯಿಂದ ಬಂದ ಕಾಯಿಲೆಗೆ ಪರಿಹಾರವಿಲ್ಲ ಎಂದು ನಿಯಮದಲ್ಲೇ ಇದೆ. ಬೋರ್ಡಿನ ಮುಂದೆ ಸುಳ್ಳು ಹೇಳು ಎಂದು ನಾನು ಹೇಳಲಾರೆ. ಇಂದೇ ಬಿಡು, ಬಿಟ್ಟ ತಾರೀಕನ್ನು ಡಾಕ್ಟರ ಚೀಟಿಯಲ್ಲಿ ಬರೆಸು. ಪಿಂಚಣಿಗಿಂತ ನಿನ್ನ ಉಸಿರು ಮುಖ್ಯ. ಹೋದ ಪುಪ್ಪುಸ ಯಾವ ಆರ್ಡರಿನಿಂದಲೂ ಮರಳಿ ಬರುವುದಿಲ್ಲ.

ನಿನ್ನ ಸೋದರಮಾವನ ವಿಷಯ ಬೇರೆ. 2011ರಲ್ಲಿ ಸೇವೆ ಮುಗಿಸಿ ಬಂದವನು. ಎದೆಯ ಕಾಯಿಲೆಗೆ ಬೋರ್ಡ್ ಶೇಕಡಾ 30 ಬರೆದು, ‘ಸೇವೆಗೆ ಸಂಬಂಧವಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿತು. ಅವನೂ ಹಣೆಬರಹ ಎಂದು ಬಿಟ್ಟ. ಬಿಡಬಾರದಿತ್ತು. ಸೇರುವಾಗ ಆರೋಗ್ಯವಂತನೆಂದು ಬರೆದುಕೊಂಡವನಿಗೆ ಸೇವೆಯಲ್ಲಿ ಕಾಯಿಲೆ ಬಂದರೆ, ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಇಲಾಖೆಯದು, ಅನುಮಾನದ ಲಾಭ ಸೈನಿಕನಿಗೆ ಎಂದು ಸುಪ್ರೀಂ ಕೋರ್ಟ್ 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದು 1982ರ ನಿಯಮಗಳ ಮೇಲೆ ಕೊಟ್ಟ ತೀರ್ಪು, ಆದರೂ ಅವನಂಥ ಹಳಬರಿಗೆ ಅದೊಂದು ಊರುಗೋಲು. 2014ರ ರಾಮ್ ಅವತಾರ್ ತೀರ್ಪಿನಂತೆ, ಅವಧಿ ಮುಗಿಸಿ ಬಂದವರಿಗೂ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸಬೇಕು. ಪೂರ್ತಿ ನೂರಕ್ಕೆ ಕೊನೆಯ ಸಂಬಳದ ಶೇಕಡಾ 30 ಸಿಗುತ್ತದೆ. ಸಂಬಳ 20,000 ಎಂದಿಟ್ಟುಕೊಂಡರೆ ನೂರಕ್ಕೆ 6,000, ಮೂವತ್ತಕ್ಕೆ 1,800, ಐವತ್ತೆಂದು ಎಣಿಸಿದರೆ 3,000. ಮೇಲೆ ತುಟ್ಟಿಭತ್ಯೆ. ತಡವಾಯಿತೆಂದು ಬಾಗಿಲು ಮುಚ್ಚಿಲ್ಲ. ತಿಂಗಳು ತಿಂಗಳೂ ತಪ್ಪಿಹೋಗುತ್ತಿರುವ ಪಿಂಚಣಿ ಇದು. 2008ರ ತಾರ್ಸೇಮ್ ಸಿಂಗ್ ತೀರ್ಪಿನಂತೆ ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷಕ್ಕೆ ನಿಲ್ಲುತ್ತದೆ. ಅಂದರೆ ಅವನು ಸುಮ್ಮನಿದ್ದಷ್ಟು ತಿಂಗಳೂ ನಷ್ಟವೇ.

ನಿನ್ನ ಅರ್ಜಿ ತಿರಸ್ಕಾರವಾದರೆ ಎದೆ ಒಡೆದುಕೊಳ್ಳಬೇಡ. ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡ, ಮೊದಲ ಮೇಲ್ಮನವಿಯ ಆರು ತಿಂಗಳು ಆ ಪತ್ರದಿಂದಲೇ ಎಣಿಕೆ. ಆಮೇಲೆ ಎರಡನೆಯ ಮೇಲ್ಮನವಿ, ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬಂದದ್ದರಲ್ಲಿ ಪಾಲು ಕೊಡಿ ಎನ್ನುವ ದಲ್ಲಾಳಿಗಳು ಬಸ್ ಸ್ಟ್ಯಾಂಡಿನಿಂದಲೇ ಬೆನ್ನು ಹತ್ತುತ್ತಾರೆ. ನೀನು ನೇರವಾಗಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗು. ಅರ್ಜಿ ಬರೆಯಲು ನೆರವಾಗುವುದೂ ಅಲ್ಲಿನವರ ಕೆಲಸವೇ.

ಕೈಯೊಡ್ಡಿದಂತೆ ಅನಿಸುತ್ತದೆ ಎಂದು ನಿನ್ನ ಮಾವ ಒಮ್ಮೆ ನನ್ನೆದುರು ಕಣ್ಣು ತಗ್ಗಿಸಿದ. ಕಾಲು ಕಳೆದುಕೊಂಡವನು ಕೇಳಿದರೆ ಯಾರೂ ಹಾಗನ್ನುವುದಿಲ್ಲ. ಪುಪ್ಪುಸದ ಗಾಯ ಹೊರಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಭಾನುವಾರ ಮಾವನನ್ನು ಕರೆದುಕೊಂಡು ಬಾ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪಿಪಿಒ, ಬೋರ್ಡಿನ ಹಾಳೆ, ಹಳೆಯ ಔಷಧಿ ಚೀಟಿಗಳು ಟ್ರಂಕಿನ ತಳದಲ್ಲಿದ್ದರೂ ಸರಿ, ಎಲ್ಲ ತರಲಿ. ಮೆಟ್ಟಿಲು ಹತ್ತಿಸಬೇಡ, ನಾನೇ ಕೆಳಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.