ಹಳೆ ಕಾರಿನ ಎಸಿ: ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಸಾಲದು

ಜೊಯಿಡಾ ಕಡೆಯವರಿಗೆ ಕಾರಿನ ಎಸಿ ಕೈಕೊಟ್ಟದ್ದು ಹೆಚ್ಚು ಕಾಡುವುದು ಮೇ ತಿಂಗಳಲ್ಲಲ್ಲ, ಜುಲೈನಲ್ಲಿ. ಅಣಶಿ ಘಟ್ಟದಲ್ಲಿ ಮಳೆ ಹಿಡಿದಾಗ ಕಿಟಕಿ ಏರಿಸಿಕೊಂಡು ನಾಲ್ಕು ಜನ ಕೂತರೆ ಮುಂದಿನ ಗಾಜು ನೋಡನೋಡುತ್ತಲೇ ಒಳಗಿಂದ ಮಸುಕಾಗುತ್ತದೆ. ಅದನ್ನು ಬೇಗ ತಿಳಿಯಾಗಿಸುವುದು ಎಸಿಯೇ. ತಣ್ಣಗಿನ ಇವಾಪೊರೇಟರ್ ಮೇಲೆ ಹಾದುಬರುವ ಗಾಳಿ ತನ್ನ ತೇವದ ಬಹುಪಾಲನ್ನು ಅಲ್ಲಿಯೇ ಬಿಟ್ಟು ಒಣಗಿ ಬರುತ್ತದೆ. ಹೀಗಾಗಿ ‘ಹಳೆ ಕಾರಿಗೆ ಎಸಿ ಯಾಕೆ’ ಎನ್ನುವ ಮಾತು ಘಟ್ಟದ ರಸ್ತೆಯಲ್ಲಿ ನಡೆಯುವುದಿಲ್ಲ.

ಆದರೂ ಮಳೆಗಾಲ ಬಂತೆಂದರೆ ಬಹುತೇಕರು ಎಸಿ ಬಂದ್ ಮಾಡುತ್ತಾರೆ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಎಸಿಯ ತಂಪು ಅನಿಲದ ಜೊತೆಗೇ ಸುತ್ತುವಂಥದ್ದು. ನಾಲ್ಕು ತಿಂಗಳು ಅದು ತಿರುಗದಿದ್ದರೆ ಶಾಫ್ಟಿನ ಸೀಲ್ ಒಣಗುತ್ತದೆ, ಅನಿಲ ಸ್ವಲ್ಪಸ್ವಲ್ಪವೇ ಸೋರುತ್ತದೆ. ಮಾರ್ಚಿನ ಸೆಕೆಗೆ ಗುಂಡಿ ಒತ್ತಿದಾಗ, ಇದ್ದಷ್ಟು ಅನಿಲದಲ್ಲೇ, ಎಣ್ಣೆ ಸಾಲದೆ ಓಡಿ ಕಂಪ್ರೆಸರ್ ಸವೆಯುತ್ತದೆ. ಹಳಿಯಾಳದ ಕಡೆ ಇನ್ನೊಂದು ಕಾಟ: ಕಬ್ಬಿನ ಹಂಗಾಮಿನಲ್ಲಿ ರವದಿಯ ಚೂರು, ಧೂಳು ರೇಡಿಯೇಟರ್ ಮುಂದಿನ ಕಂಡೆನ್ಸರಿಗೆ ಮೆತ್ತಿಕೊಳ್ಳುತ್ತವೆ. ಶಾಖ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿ ಕಂಪ್ರೆಸರ್ ಬೇಯುತ್ತದೆ. ಮುಂಡಗೋಡ ಸುತ್ತ ರಸ್ತೆಯಲ್ಲೇ ಒಕ್ಕಣೆಗೆ ಹರಡಿದ ಹುಲ್ಲೂ ಇದೇ ಕೆಲಸ ಮಾಡುತ್ತದೆ. ಕಂಪ್ರೆಸರ್ ತಾನಾಗಿ ಸಾಯುವುದು ಕಡಿಮೆ. ಸಾವಿನ ಕಾರಣ ಹುಡುಕದೆ ಹೊಸದನ್ನು ಕೂರಿಸಿದರೆ ಅದಕ್ಕೂ ಅದೇ ಗತಿ.

ಮೊದಲ ಕೆಲಸ, ಅದು ನಿಜಕ್ಕೂ ಸತ್ತಿದೆಯೇ ಎಂದು ನೋಡುವುದು. ಎಂಜಿನ್ ಚಾಲೂ ಇಟ್ಟು ಎಸಿ ಗುಂಡಿ ಒತ್ತಿದಾಗ ಪುಲ್ಲಿಯ ಮುಂದಿನ ಕ್ಲಚ್ ‘ಟಕ್’ ಎಂದು ಕಚ್ಚಿಕೊಳ್ಳಬೇಕು. ಕಚ್ಚದಿದ್ದರೆ ಫ್ಯೂಸ್, ರಿಲೇ, ತಂತಿ ನೋಡಬೇಕು. ಕಾಡಿನಂಚಿನ ಊರುಗಳಲ್ಲಿ ಇಲಿ ಕಡಿದ ತಂತಿಯೇ ಎಷ್ಟೋ ಸಲ ಅಪರಾಧಿ. ಕ್ಲಚ್‌ನ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದ್ದೂ ಕಚ್ಚದಿದ್ದರೆ ಮಲ್ಟಿಮೀಟರಿನಲ್ಲಿ ಸುರುಳಿ ಅಳೆಯಬೇಕು. ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ ಎಂದರ್ಥ, ಅದೊಂದನ್ನೇ ಬದಲಿಸಬಹುದು. ಎಸಿ ಬಂದ್ ಇದ್ದಾಗಲೂ ಗರಗರ ಸದ್ದು ಬರುತ್ತಿದ್ದರೆ ಅದು ಪುಲ್ಲಿ ಬೇರಿಂಗ್. ಅನಿಲ ತೀರಾ ಕಡಿಮೆಯಾದರೆ ಪ್ರೆಷರ್ ಸ್ವಿಚ್ಚೇ ಕ್ಲಚ್‌ಗೆ ವಿದ್ಯುತ್ ಹೋಗದಂತೆ ತಡೆಯುತ್ತದೆ. ಇವೆಲ್ಲ ನೋಡದೆ ‘ಕಂಪ್ರೆಸರ್ ಹೋಯ್ತು’ ಎನ್ನುವ ಗ್ಯಾರೇಜಿನಿಂದ ಗಾಡಿ ಹೊರತರುವುದು ಒಳ್ಳೆಯದು.

ಆಮೇಲೆ ಗೇಜು. ಕಾರು ತಣ್ಣಗಾಗಿ ನಿಂತಿದ್ದಾಗ 30 ಡಿಗ್ರಿ ಹವೆಯಲ್ಲಿ ಆರ್-134ಎ ಅನಿಲವಿರುವ ವ್ಯವಸ್ಥೆಯ ಎರಡೂ ಮುಳ್ಳುಗಳು ಸುಮಾರು 95 ಪಿಎಸ್‌ಐ ತೋರಿಸಬೇಕು. ಇದು ಒಳಗೆ ದ್ರವ ಇದೆ ಎಂದು ಹೇಳುತ್ತದೆಯೇ ಹೊರತು ಎಷ್ಟಿದೆ ಎಂದಲ್ಲ. ಎಂಜಿನ್ ಓಡುವಾಗ ಕಡಿಮೆ ಒತ್ತಡದ ಬದಿ 25ರಿಂದ 40, ಹೆಚ್ಚು ಒತ್ತಡದ ಬದಿ 175ರಿಂದ 250ರ ನಡುವೆ ಇದ್ದರೆ ಸರಿಯಿದೆ ಎನ್ನಬಹುದು. ಕ್ಲಚ್ ಕಚ್ಚಿಯೂ ಎರಡು ಮುಳ್ಳುಗಳು ಹತ್ತಿರ ಹತ್ತಿರವೇ ನಿಂತರೆ ಕಂಪ್ರೆಸರ್ ಒತ್ತುತ್ತಿಲ್ಲ. ಎರಡೂ ಕೆಳಗಿದ್ದರೆ ಸೋರಿಕೆ. ಬೆಲ್ಟ್ ಕಿರುಚಿ ಸುಟ್ಟ ವಾಸನೆ ಬಂದರೆ ಕಂಪ್ರೆಸರ್ ಒಳಗೇ ಬಿಗಿದು ನಿಂತಿದೆ, ಎಸಿ ಹಾಕಲೇಬಾರದು. ಪುಲ್ಲಿಯೇ ಬಿಗಿದಿದ್ದರೆ ಗಾಡಿಯನ್ನು ಓಡಿಸಿಕೊಂಡು ಹೋಗುವುದೂ ಬೇಡ, ಎಳೆಸಿಕೊಂಡು ಹೋಗಬೇಕು.

ಇಷ್ಟಾದ ಮೇಲೆ ಲೆಕ್ಕಾಚಾರ. ನಮ್ಮ ದಾಂಡೇಲಿ ಕಡೆಯ ಕೆಎ-65 ಫಲಕದ ಎಷ್ಟೋ ಕಾರುಗಳು ಹದಿನೈದು ವರ್ಷ ದಾಟುತ್ತಿವೆ. 2022ರ ಏಪ್ರಿಲ್‌ನಲ್ಲಿ ಇಂಥ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ನವೀಕರಣ ಹತ್ತಿರವಿದ್ದರೆ ಎರಡೂ ಖರ್ಚು ಕೂಡಿಸಿ ನೋಡಿಯೇ ಕೈಹಾಕಬೇಕು. ಮಾಡಿಸುವುದೆಂದಾದರೆ ಅನಿಲ ಹೀರುವ ಯಂತ್ರ, ವ್ಯಾಕ್ಯೂಮ್ ಪಂಪ್, ತೂಕದ ಕಾಟಾ ಮೂರೂ ಇರುವ ಜಾಗಕ್ಕೇ ಹೋಗಬೇಕು. ಊರಲ್ಲಿ ಸಿಗದಿದ್ದರೆ ಹಳಿಯಾಳ, ದಾಂಡೇಲಿಯವರಿಗೆ ಧಾರವಾಡ, ಮುಂಡಗೋಡದವರಿಗೆ ಹುಬ್ಬಳ್ಳಿ ಅನುಕೂಲ. ಬೇಸಿಗೆಯ ನೂಕುನುಗ್ಗಲಿಗೆ ಮುಂಚೆ, ಡಿಸೆಂಬರಿನಿಂದ ಫೆಬ್ರುವರಿಯ ಒಣ ಹವೆಯಲ್ಲಿ ಮಾಡಿಸಿದರೆ ಇನ್ನೂ ಉತ್ತಮ.

ಕಂಪ್ರೆಸರ್ ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಮಾರುತಿಯ ಹಲವು ಕಾರುಗಳಿಗೆ ಸುಬ್ರೋಸ್, ಬೇರೆ ಎಷ್ಟೋ ಕಾರುಗಳಿಗೆ ಸ್ಯಾಂಡೆನ್ ಕಂಪ್ರೆಸರ್ ಬಂದಿವೆ. ಒಂದೇ ಮಾದರಿಯ ಕಾರಿನಲ್ಲೂ ವರ್ಷ ಬದಲಾದರೆ ಪುಲ್ಲಿಯ ತೋಡು, ಪೈಪಿನ ಬಾಯಿ, ಕನೆಕ್ಟರ್ ಬದಲಾಗಿರಬಹುದು. ಹಳೆಯದರ ಮೈಮೇಲಿನ ಚೀಟಿಯ ಸಂಖ್ಯೆಯನ್ನು ಫೋಟೊ ತೆಗೆದುಕೊಂಡು ಹೋಗಬೇಕು. ಗುಜರಿಯಿಂದ ತಂದದ್ದು ಅಗ್ಗ. ಆದರೆ ಬಾಯಿ ತೆರೆದೇ ಬಿದ್ದಿದ್ದ ಕಂಪ್ರೆಸರ್ ಒಳಗೆ ನಮ್ಮ ಕಡೆಯ ಮಳೆಗಾಲದ ತೇವ ಎಷ್ಟು ಸೇರಿದೆಯೋ ಹೇಳುವವರಿಲ್ಲ. ಅದನ್ನು ಕೊಳ್ಳದಿರುವುದೇ ಲೇಸು.

ಬಿಚ್ಚುವ ಮೊದಲು ಉಳಿದ ಅನಿಲವನ್ನು ಯಂತ್ರದಿಂದ ಹೀರಿಸಬೇಕು. ನಟ್ಟು ಸಡಿಲಿಸಿ ‘ಸುಸ್’ ಎಂದು ಬಿಡುವುದು ಗ್ಯಾರೇಜುಗಳ ಹಳೆಯ ಚಾಳಿ. ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಕಣ್ಣಿಗೆ, ಚರ್ಮಕ್ಕೆ ತಗುಲಿದರೆ ಹೆಪ್ಪುಗಟ್ಟಿಸುತ್ತದೆ. ಭೂಮಿಯನ್ನು ಕಾಯಿಸುವ ಶಕ್ತಿಯೂ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು: ಅರ್ಧ ಕಿಲೊ ಬಿಟ್ಟರೆ 700 ಕಿಲೊ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇಂಥ ಅನಿಲಗಳ ಬಳಕೆಯನ್ನು ಇಳಿಸುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಬಿಚ್ಚುವುದು ಕಷ್ಟವಲ್ಲ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಬೆಲ್ಟ್ ಸಡಿಲಿಸಿ, ಕನೆಕ್ಟರ್ ಎಳೆದು, ಎರಡೂ ಪೈಪ್ ಬಿಚ್ಚಿ, ಕಡೆಗೆ ಬೋಲ್ಟುಗಳು. ಪೈಪಿನ ಬಾಯಿಗಳನ್ನು ಆ ಕ್ಷಣವೇ ಮುಚ್ಚಬೇಕು.

ಈಗ ಹಳೆಯ ಕಂಪ್ರೆಸರನ್ನು ಬೋರಲು ಹಾಕಿ ಎಣ್ಣೆಯನ್ನು ಅಳತೆಯ ಲೋಟಕ್ಕೆ ಬಸಿಯಬೇಕು. ಇಡೀ ಕೆಲಸದಲ್ಲಿ ಕಾರಿನ ಮಾಲೀಕ ಗ್ಯಾರೇಜಿನಲ್ಲಿ ಖುದ್ದು ನಿಂತು ನೋಡಲೇಬೇಕಾದ ಗಳಿಗೆ ಇದು. ಎಣ್ಣೆ ತಿಳಿಯಾಗಿದ್ದರೆ ಅದೃಷ್ಟ. ಕಪ್ಪಾಗಿದ್ದು ಬೆಳ್ಳಿಯಂಥ ಚೂರು ಮಿನುಗಿದರೆ ಒಳಗಿನ ಲೋಹ ಸವೆದು ಇಡೀ ವ್ಯವಸ್ಥೆಗೆ ಹರಡಿದೆ. ಆಗ ಪೈಪು, ಇವಾಪೊರೇಟರುಗಳನ್ನು ಫ್ಲಶಿಂಗ್ ದ್ರವದಿಂದ ತೊಳೆದು, ಎಕ್ಸ್‌ಪ್ಯಾನ್ಷನ್ ವಾಲ್ವ್ ಬದಲಿಸಬೇಕು. ಈಚಿನ ಕಾರುಗಳ ಸಣ್ಣ ನಾಳದ ಕಂಡೆನ್ಸರ್ ಎಷ್ಟು ತೊಳೆದರೂ ಚೊಕ್ಕವಾಗುವುದಿಲ್ಲ, ಅದನ್ನೂ ಬದಲಿಸಬೇಕಾಗುತ್ತದೆ. ಎಣ್ಣೆ ಹೇಗೇ ಇರಲಿ, ರಿಸೀವರ್ ಡ್ರೈಯರ್ ಮಾತ್ರ ಹೊಸದಾಗಲೇಬೇಕು. ಅದರೊಳಗಿನ ತೇವ ಹೀರುವ ಹರಳು ಗಾಳಿಗೆ ತೆರೆದುಕೊಂಡರೆ ಬೇಗನೆ ತುಂಬಿಹೋಗುತ್ತದೆ. ಹೊಸದರ ಮುಚ್ಚಳವನ್ನು ಕೂರಿಸುವ ಗಳಿಗೆಯಲ್ಲೇ, ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು.

ಎಣ್ಣೆಯ ಅಳತೆಯಲ್ಲಿ ಅಂದಾಜು ನಡೆಯದು. ಹೊಸ ಕಂಪ್ರೆಸರಿನಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿಯೇ ಬಂದಿರುತ್ತದೆ. ಅದನ್ನು ಬಸಿದು, ಹಳೆಯದರಿಂದ ಬಂದಷ್ಟೇ ವಾಪಸ್ ಹಾಕಬೇಕು. ವ್ಯವಸ್ಥೆ ಪೂರ್ತಿ ತೊಳೆದಿದ್ದರೆ ಕಂಪನಿ ಹೇಳಿದ ಪೂರ್ಣ ಪ್ರಮಾಣ. ಬಳಸುವುದು ಪಿಎಜಿ ಎಣ್ಣೆ. 46, 100, 150 ಎಂದು ದಪ್ಪದಲ್ಲಿ ಭೇದವಿದೆ, ಚೀಟಿ ನೋಡಿಯೇ ಆರಿಸಬೇಕು. ಇದು ಗಾಳಿಯ ತೇವವನ್ನು ಎಳೆದುಕೊಳ್ಳುವ ಎಣ್ಣೆ. ಯಾವಾಗಲೋ ತೆರೆದಿಟ್ಟ ಡಬ್ಬಿಯದ್ದು ಬೇಡ ಎಂದು ಮುಲಾಜಿಲ್ಲದೆ ಹೇಳಬೇಕು. ಹೊಸ ಓ-ರಿಂಗುಗಳಿಗೆ ಅದೇ ಎಣ್ಣೆ ಸವರಿ ಪೈಪ್ ಜೋಡಿಸಿ, ಕ್ಲಚ್‌ನ ಹಬ್ಬನ್ನು ಕೈಯಿಂದ ಹತ್ತು ಸುತ್ತು ತಿರುಗಿಸಬೇಕು. ಒಳಗೆ ನಿಂತ ಎಣ್ಣೆ ಇದರಿಂದ ಸರಿಯುತ್ತದೆ.

ವ್ಯಾಕ್ಯೂಮ್ ಪಂಪ್ ಕನಿಷ್ಠ ಅರ್ಧ ಗಂಟೆ, ಮಳೆಗಾಲವಾದರೆ ಮುಕ್ಕಾಲು ಗಂಟೆ ಓಡಬೇಕು. ಒತ್ತಡ ಇಳಿದಂತೆ ಒಳಗಿನ ನೀರಿನಂಶ ಆವಿಯಾಗಿ ಹೊರಬರುತ್ತದೆ. ಪುಸ್ತಕಗಳಲ್ಲಿ ಮುಳ್ಳು 29 ಇಂಚು (ಪಾದರಸದ ಅಳತೆ) ದಾಟಬೇಕು ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ದಾಂಡೇಲಿ, ಹಳಿಯಾಳ ಸಮುದ್ರಮಟ್ಟದಿಂದ ಸುಮಾರು ಅರ್ಧ ಕಿಲೊಮೀಟರ್ ಮೇಲಿವೆ. ಇಲ್ಲಿ ಮುಳ್ಳು 28ರ ಹತ್ತಿರ ನಿಂತರೆ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಪಂಪ್ ನಿಲ್ಲಿಸಿ ಕಾಲು ಗಂಟೆ ಬಿಟ್ಟಾಗ ಮುಳ್ಳು ಅಲ್ಲಾಡಬಾರದು. ಅಲ್ಲಾಡಿದರೆ ಸೋರಿಕೆ ಸಿಗುವತನಕ ಅನಿಲ ತುಂಬುವಂತಿಲ್ಲ.

ತುಂಬುವುದು ತೂಕದ ಲೆಕ್ಕದಲ್ಲಿ. ಎಷ್ಟು ಗ್ರಾಂ ಎಂದು ಬಾನೆಟ್ ಒಳಗಿನ ಚೀಟಿಯಲ್ಲಿದೆ. ಗೇಜು ನೋಡಿ ‘ಸಾಕು’ ಎನ್ನುವವರು ಹೆಚ್ಚು ತುಂಬಿಸಿ ಹೊಸ ಕಂಪ್ರೆಸರನ್ನೇ ಕೊಲ್ಲುತ್ತಾರೆ. ಎಂಜಿನ್ ಓಡುವಾಗ ಕಡಿಮೆ ಒತ್ತಡದ ಬದಿಯಿಂದ, ಡಬ್ಬಿ ನೆಟ್ಟಗಿಟ್ಟು, ಆವಿಯ ರೂಪದಲ್ಲೇ ಕೊಡಬೇಕು. ಹೆಚ್ಚು ಒತ್ತಡದ ಕವಾಟ ಆಗ ತೆರೆದರೆ ಡಬ್ಬಿ ಸಿಡಿಯಬಹುದು. ಅಗ್ಗವೆಂದು ಅಡುಗೆ ಅನಿಲದಂಥ ಉರಿಯುವ ಅನಿಲ ತುಂಬಿಸುವ ಮಾತು ಬಂದರೆ ಅಲ್ಲಿಂದ ಎದ್ದು ಬರಬೇಕು. ಇವಾಪೊರೇಟರ್ ಸೋರಿದರೆ ಅದು ಬರುವುದು ಜನ ಕೂತ ಜಾಗಕ್ಕೇ.

1990ರ ದಶಕದ ಕಾರಿದ್ದವರಿಗೆ ಒಂದು ಮಾತು. ಅದರಲ್ಲಿ ಆರ್-12 ಇದ್ದಿರಬಹುದು. 2003ರಿಂದ ಹೊಸ ಉಪಕರಣಗಳಲ್ಲಿ ಅದರ ಬಳಕೆ ದೇಶದಲ್ಲಿ ನಿಂತಿದೆ. ಹಳೆಯ ಖನಿಜ ಎಣ್ಣೆಯನ್ನೆಲ್ಲ ತೆಗೆದು, ಡ್ರೈಯರ್, ಓ-ರಿಂಗ್, ಬಾಯಿಯ ಫಿಟ್ಟಿಂಗ್ ಬದಲಿಸದೆ ಆರ್-134ಎ ತುಂಬಿಸುವಂತಿಲ್ಲ.

ಕೊನೆಗೆ ಪರೀಕ್ಷೆ. ಮೊದಲ ಕೆಲವು ನಿಮಿಷ ಎಂಜಿನ್ ಐಡ್ಲಿಂಗ್‌ನಲ್ಲೇ ಇರಲಿ, ಆಕ್ಸಿಲರೇಟರ್ ಒತ್ತುವುದು ಬೇಡ. ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯೇ ನೋಡಬೇಕು. ಆಮೇಲೆ 1,500 ಆರ್‌ಪಿಎಮ್‌ನಲ್ಲಿ ನಡುವಿನ ಕಿಂಡಿಗೆ ಥರ್ಮಾಮೀಟರ್ ಇಟ್ಟರೆ 6ರಿಂದ 10 ಡಿಗ್ರಿ ಬರಬೇಕು. ಹವೆಯಲ್ಲಿ ತೇವ ಹೆಚ್ಚಿದ್ದ ದಿನ ಒಂದೆರಡು ಡಿಗ್ರಿ ಜಾಸ್ತಿಯಾದರೆ ಗಾಬರಿ ಬೇಡ.

ಡ್ರೈಯರ್, ಫ್ಲಶಿಂಗ್, ಎಣ್ಣೆ, ಅನಿಲದ ಗ್ರಾಂ ಇವೆಲ್ಲವನ್ನೂ ಬಿಡಿಬಿಡಿಯಾಗಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಂಪ್ರೆಸರ್ ಮತ್ತೆ ಕೆಟ್ಟರೆ ವಾರಂಟಿಗೆ ಮಾರಾಟಗಾರರು ಮೊದಲು ಕೇಳುವುದು ಡ್ರೈಯರ್ ಬದಲಿಸಿದ ದಾಖಲೆಯನ್ನು. ಹಾಗೆಯೇ ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ.