ಸೊನ್ನೆ ಲೀಟರಿಗೆ ನಾಲ್ಕು ಮಿಲಿಆಂಪಿಯರ್ ಯಾಕೆ?



ಮತ್ತಿಗಿರಿಯಿಂದ ಹೊಸೂರಿನ ಕಡೆ ಹೋಗುವಾಗ ಕಾರ್ಖಾನೆಗಳನ್ನು ನೋಡಿರುತ್ತೀರಿ. ನಿಮ್ಮ ಮನೆಯವರೇ ಯಾರಾದರೂ ಅಲ್ಲಿ ಕೆಲಸಕ್ಕೆ ಹೋಗುತ್ತಿರಬಹುದು. ಅಲ್ಲಿನ ಕೊಳವೆಗಳಲ್ಲಿ ನೀರು, ಎಣ್ಣೆ, ಉಗಿ ಹರಿಯುತ್ತವೆ. ಕಾರ್ಖಾನೆ ಮಾತ್ರವಲ್ಲ, ಕುಡಿಯುವ ನೀರಿನ ಮಾತೂ ಇದೇ. ನಮ್ಮ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2013ರಲ್ಲಿ ಅದರ ಉದ್ಘಾಟನೆಯಾಯಿತು. ಕಾವೇರಿ ನೀರು ಕೊಳವೆಗಳಲ್ಲಿ ಬಹಳ ದೂರ ಸಾಗಿ ಬರುತ್ತದೆ. ಇಂಥ ಕೊಳವೆಯೊಳಗೆ ಗಂಟೆಗೆ ಎಷ್ಟು ನೀರು ಹೋಗ್ತಿದೆ ಅಂತ ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಗೊತ್ತಾಗೋದು ಹೇಗೆ?

ಅಳೆಯುವುದು

ಕಾಂತಕ್ಷೇತ್ರದಲ್ಲಿ ವಾಹಕವೊಂದು ಚಲಿಸಿದರೆ ವೋಲ್ಟೇಜ್ ಹುಟ್ಟುತ್ತದೆ. ಇದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮ. ನಲ್ಲಿ ನೀರೂ ವಾಹಕವೇ. 1832ರಲ್ಲಿ ಅವರು ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ಲೋಹದ ತಗಡುಗಳನ್ನು ಇಳಿಬಿಟ್ಟು, ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವ ನೀರಿನಿಂದ ವೋಲ್ಟೇಜ್ ಸಿಗುತ್ತದೆಯೇ ಅಂತ ನೋಡಿದರು. ನಂಬುವಂಥ ಅಳತೆ ಸಿಗಲಿಲ್ಲ. ಆದರೆ ಇವತ್ತಿನ ವಿದ್ಯುತ್ಕಾಂತೀಯ ಫ್ಲೋ ಮೀಟರ್ ಅದೇ ತತ್ವದ್ದು: ಕೊಳವೆಯ ಹೊರಗೆ ಸುರುಳಿಗಳು, ಒಳಗೋಡೆಯಲ್ಲಿ ಎರಡು ಎಲೆಕ್ಟ್ರೋಡುಗಳು. ನೀರಿನ ವೇಗ ಎರಡರಷ್ಟಾದರೆ ವೋಲ್ಟೇಜೂ ಎರಡರಷ್ಟು.

ಹೇಳುವುದು

ಈ ವೋಲ್ಟೇಜ್ ತೀರಾ ಚಿಕ್ಕದು. ಅದನ್ನೇ ಉದ್ದದ ತಂತಿಯಲ್ಲಿ ಕಳಿಸಿದರೆ ಅಕ್ಕಪಕ್ಕದ ಮೋಟಾರುಗಳ ಗದ್ದಲದಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಮೀಟರಿನಲ್ಲಿರುವ ಟ್ರಾನ್ಸ್‌ಮಿಟರ್ ಅದನ್ನು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವಾಗಿ ಬದಲಿಸುತ್ತದೆ. ವೋಲ್ಟೇಜ್ ಬಿಟ್ಟು ಪ್ರವಾಹವನ್ನೇ ಯಾಕೆ ಕಳಿಸಬೇಕು? ಸರಣಿ ಜೋಡಣೆಯ ಪಾಠ ನೆನಪಿಸಿಕೊಳ್ಳಿ. ಸರಣಿಯಲ್ಲಿ ಪ್ರವಾಹ ಎಲ್ಲ ಕಡೆ ಒಂದೇ. ತಂತಿಯ ರೋಧದಿಂದ ವೋಲ್ಟೇಜ್ ದಾರಿಯಲ್ಲಿ ಸೋರಬಹುದು, ಪ್ರವಾಹ ಸೋರುವುದಿಲ್ಲ. ಕೊಠಡಿಯಲ್ಲಿ ಈ ಪ್ರವಾಹ 250 ಓಮ್ ರೋಧಕದ ಮೂಲಕ ಹಾದರೆ, ಓಮ್ ನಿಯಮದಂತೆ 1ರಿಂದ 5 ವೋಲ್ಟ್ ಸಿಗುತ್ತದೆ. ಅದನ್ನು ಪಿಎಲ್‌ಸಿ ಎಂಬ ನಿಯಂತ್ರಕ ಓದಿ, ವಾಲ್ವ್ ತೆರೆಯಬೇಕೋ ಮುಚ್ಚಬೇಕೋ ಅಂತ ತೀರ್ಮಾನಿಸುತ್ತದೆ. ಊರಿಂದ ಊರಿಗೆ ಸುದ್ದಿ ಹೋಗಬೇಕಾದರೆ ರೇಡಿಯೊ ಅಥವಾ ಮೊಬೈಲ್ ಜಾಲ ಬಳಸುತ್ತಾರೆ.

ಸೊನ್ನೆಗೆ 4 ಯಾಕೆ?

ನಾನು ಹಾಜರಿ ಕರೆಯುವಾಗ ನೀವು "ಬಂದಿದ್ದೀನಿ ಸಾರ್" ಅನ್ನುತ್ತೀರಿ. ಉತ್ತರ ಬರದಿದ್ದರೆ ಬಂದಿಲ್ಲ ಅಂತ ಗುರುತು ಹಾಕುತ್ತೇನೆ. ಇಲ್ಲೂ ಹಾಗೇ. 4 ಮಿಲಿಆಂಪಿಯರ್ ಅಂದರೆ "ನಾನಿದ್ದೀನಿ, ನೀರು ಮಾತ್ರ ಹರೀತಿಲ್ಲ" ಅಂತ ಮೀಟರ್ ಹೇಳಿದ ಹಾಗೆ. 0 ಮಿಲಿಆಂಪಿಯರ್ ಅಂದರೆ ಮೀಟರ್ ಮಾತೇ ಆಡುತ್ತಿಲ್ಲ: ತಂತಿ ತುಂಡಾಗಿದೆ, ಇಲ್ಲವೇ ಕರೆಂಟ್ ಹೋಗಿದೆ. ಸೊನ್ನೆ ಹರಿವಿಗೆ ಸೊನ್ನೆ ಪ್ರವಾಹವನ್ನೇ ಇಟ್ಟಿದ್ದರೆ? ಇಲಿ ತಂತಿ ಕಡಿದರೂ ನಿಯಂತ್ರಕ "ನೀರು ಬರ್ತಿಲ್ಲ" ಅಂದುಕೊಂಡು ವಾಲ್ವನ್ನು ಇನ್ನಷ್ಟು ತೆರೆಯುತ್ತಿತ್ತು. ಒಂದೂರಿನ ಟ್ಯಾಂಕ್ ತುಂಬಿ ಚೆಲ್ಲುತ್ತಿತ್ತು, ಮುಂದಿನೂರಿನ ಕೊಡ ಖಾಲಿ. "ಇಲ್ಲ" ಎನ್ನುವ ಉತ್ತರ ಬೇರೆ, ಉತ್ತರವೇ ಇಲ್ಲದಿರುವುದು ಬೇರೆ.

ಲೆಕ್ಕ

ಹರಿವು = (ಪ್ರವಾಹ − 4) ÷ 16 × ಗರಿಷ್ಠ ಹರಿವು

ಗರಿಷ್ಠ ಹರಿವು ಗಂಟೆಗೆ 400 ಘನ ಮೀಟರ್ ಇರಲಿ. ಪ್ರವಾಹ 8 ಮಿಲಿಆಂಪಿಯರ್ ಬಂದರೆ (8 − 4) ÷ 16 = ಕಾಲು ಭಾಗ. ಅಂದರೆ 100 ಘನ ಮೀಟರ್, ಒಂದು ಲಕ್ಷ ಲೀಟರ್.

ಮಾಡಿ ನೋಡಿ

1.5 ವೋಲ್ಟಿನ ಮೂರು ಸೆಲ್, 1000 ಓಮ್ ರೋಧಕ, ಮಿಲಿಆಮೀಟರ್ ಇವನ್ನು ಸರಣಿಯಲ್ಲಿ ಜೋಡಿಸಿ. ಸುಮಾರು 4.5 ಮಿಲಿಆಂಪಿಯರ್ ತೋರಿಸುತ್ತದೆ. ಮೀಟರನ್ನು ರೋಧಕದ ಆಚೆಗೊಮ್ಮೆ, ಈಚೆಗೊಮ್ಮೆ ಇಟ್ಟು ನೋಡಿ, ಓದು ಬದಲಾಗುವುದಿಲ್ಲ. ಆಮೇಲೆ ಒಂದು ತಂತಿ ಬಿಚ್ಚಿ. ಮುಳ್ಳು ಎಲ್ಲಿ ನಿಂತಿತು?

ಯೋಚಿಸಿ

1. ಮೇಲಿನ ಕೊಳವೆಯಲ್ಲೇ 250 ಓಮ್ ರೋಧಕದ ಮೇಲೆ 3 ವೋಲ್ಟ್ ಕಂಡರೆ ಹರಿವು ಎಷ್ಟು?
2. 0 ವೋಲ್ಟ್ ಕಂಡರೆ ನೀವು ಮೊದಲು ಏನನ್ನು ಪರೀಕ್ಷಿಸುತ್ತೀರಿ, ನೀರನ್ನೋ ತಂತಿಯನ್ನೋ?

ಮುಂದೊಂದು ದಿನ ಐಟಿಐ, ಡಿಪ್ಲೊಮಾ ಮುಗಿಸಿ ಇಂಥ ಕೊಠಡಿಯಲ್ಲಿ ನೀವೇ ಕೂರಬಹುದು. ಅಲ್ಲಿನ ಹೆಸರುಗಳು ಇಂಗ್ಲಿಷಿನಲ್ಲಿರುತ್ತವೆ, ಹೆದರಬೇಡಿ. ಒಳಗಿರುವುದು ನೀವು ಕನ್ನಡದಲ್ಲಿ ಕಲಿತ ಓಮ್ ನಿಯಮವೇ.